ಉಳಿ ಹಿಡಿದ ಕೈಗೆ ಕಾಡಿನಲ್ಲಿ ಪಾಲೆಲ್ಲಿ?



ಕಳೆದ ಮಳೆಗಾಲಕ್ಕೆ ಮುನ್ನ ನಡೆದ ನಮ್ಮ ಸಭೆಯೊಂದರಲ್ಲಿ ಹಿರಿಯರೊಬ್ಬರು ಆಡಿದ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. "ಈ ಮರಗೆತ್ತನೆಯ ಕಸುಬು ತಾನಾಗಿಯೇ ನಿಂತುಹೋದರೆ ಒಳ್ಳೆಯದು. ಅಷ್ಟಾದರೂ ಮರ ಉಳಿಯುತ್ತದೆ" ಎಂದು ಅವರು ಹೇಳಿದರು. ಸಭೆ ತಲೆದೂಗಿತು. ಯಾರೂ ಎದುರಾಡಲಿಲ್ಲ. ನಾನೂ ಆಡಲಿಲ್ಲ. ಅಂದು ಆಡಬೇಕಾಗಿದ್ದ ಮಾತನ್ನು ಇಷ್ಟು ತಡವಾಗಿ ಬರೆಯುತ್ತಿದ್ದೇನೆ. ಇದು ಹೊರಗಿನವರ ಮೇಲಿನ ದೂರಿಗಿಂತ ಹೆಚ್ಚಾಗಿ ನಮ್ಮ ಮೇಲಿನ ದೂರು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸಾಗರ, ಸೊರಬ, ಸಿದ್ದಾಪುರ, ಶಿರಸಿ ಸೀಮೆಯ ಗುಡಿಗಾರರನ್ನು ನಮ್ಮಲ್ಲಿ ಅರಿಯದವರಿಲ್ಲ. ಪೋರ್ಚುಗೀಸರ ಉಪಟಳ ತಾಳಲಾರದೆ ಗೋವೆಯ ಕಡೆಯಿಂದ ಘಟ್ಟ ಹತ್ತಿ ಬಂದವರೆಂದು ಅವರ ಬಗ್ಗೆ ಹೇಳಿಕೆಯಿದೆ. ಶ್ರೀಗಂಧ ಮತ್ತು ದಂತದ ಕೆತ್ತನೆ, ತೇರಿನ ಕೆಲಸ, ದೇವಸ್ಥಾನದ ಬಾಗಿಲವಾಡ, ಮದುವೆಯ ಬಾಸಿಂಗ ಎಲ್ಲವೂ ಅವರ ಕೈಯಿಂದ ಬಂದವು. 1897ರಲ್ಲಿ ಪ್ರಕಟವಾದ ಲೂಯಿ ರೈಸ್ ಅವರ ಮೈಸೂರು ಗ್ಯಾಸೆಟಿಯರ್ ಸೊರಬದ ಗುಡಿಗಾರರ ಗಂಧದ ಕೆತ್ತನೆಯನ್ನು ವಿಶೇಷವಾಗಿ ಹೆಸರಿಸಿ ಹೊಗಳಿದೆ. ಆದರೆ ಗ್ಯಾಸೆಟಿಯರ್ ಆಗಲಿ, ಆನಂತರ ಬಂದ ಪ್ರಶಸ್ತಿಪತ್ರಗಳಾಗಲಿ, ನಮ್ಮ ಊರುಗಳ ಸನ್ಮಾನ ಸಮಾರಂಭಗಳಾಗಲಿ ಕೆತ್ತನೆಯವರೆಂದು ಕಂಡದ್ದು ಗಂಡಸರನ್ನು. ಅದೇ ಮನೆಯ ಹಿಂಬದಿಯಲ್ಲಿ ಕೂತ ಹೆಂಗಸನ್ನು ಕಾಣಲು ನನಗೂ ಬಹಳ ಕಾಲ ಹಿಡಿಯಿತು.

ನಾನು ಬರೆದ ಕಳೆಗಳ ಪಟ್ಟಿ

ಕೆಲವು ವರ್ಷಗಳ ಹಿಂದೆ ಗದ್ದೆ ಮತ್ತು ಕೆರೆಯಂಗಳದ ಕಳೆಗಳ ಸಮೀಕ್ಷೆಗಾಗಿ ಸಾಗರ–ಸೊರಬಗಳ ನಡುವಿನ ಹಳ್ಳಿಗಳಲ್ಲಿ ಓಡಾಡುತ್ತಿದ್ದೆ. ಒಂದು ಕೆರೆಯ ಅಂಚಿನಲ್ಲಿ ಹೆಂಗಸೊಬ್ಬರು ಮೊಣಕಾಲುದ್ದ ನೀರಿನಲ್ಲಿ ನಿಂತು ಗಿಡದ ಕಾಂಡಗಳನ್ನು ಕೊಯ್ದು ಕಟ್ಟು ಕಟ್ಟುತ್ತಿದ್ದರು. ನನ್ನ ಪಟ್ಟಿಯಲ್ಲಿ ಆ ಗಿಡದ ಹೆಸರು ಆಗಲೇ ಇತ್ತು. ಈಸ್ಕಿನೊಮಿನೆ ಕುಲ, ಜವುಗು ಪ್ರದೇಶದ ಕಳೆ, ಹತೋಟಿಗೆ ಇಂತಿಂಥ ಕಳೆನಾಶಕ ಎಂದು ಬರೆದಿದ್ದೆ. "ಏನು ಬರ್ಕೊಳ್ತಾ ಇದೀರಿ ಸಾರ್?" ಎಂದು ಅವರು ಕೇಳಿದರು. ಓದಿ ಹೇಳಿದೆ. ನಕ್ಕರು. "ಇದಕ್ಕೆ ಔಷಧಿ ಹೊಡೆಸ್ತೀರಾ? ಇದು ಬೆಂಡು. ನಮ್ಮನೆ ಅನ್ನ" ಎಂದರು.

ಬೆಂಡಿನ ಗಿಡ ಮಳೆಗಾಲದ ನೀರಿನಲ್ಲಿ ಬೆಳೆಯುತ್ತದೆ. ಕಾಂಡದ ಒಳಗೆಲ್ಲ ಹಗುರವಾದ ಬಿಳಿಯ ತಿರುಳು. ನೀರಿಳಿಯುವ ಹೊತ್ತಿಗೆ ಕೊಯ್ದು, ಒಣಗಿಸಿ, ಮೇಲಿನ ಸಿಪ್ಪೆ ತೆಗೆದು, ತಿರುಳನ್ನು ಹರಿತವಾದ ಕತ್ತಿಯಿಂದ ಕಾಗದದಷ್ಟು ತೆಳ್ಳಗೆ ಸುರುಳಿ ಬಿಚ್ಚಿದಂತೆ ಸೀಳುತ್ತಾರೆ. ಬಾಸಿಂಗ, ಹೂವು, ಮಂಟಪದ ಅಲಂಕಾರ ಎಲ್ಲವೂ ಅದರಿಂದಲೇ ಆಗುತ್ತವೆ. ಈ ಕೆಲಸದ ಬಹುಪಾಲು ಹೆಂಗಸರದು. ಇನ್ನೂ ಒಂದು ಸಂಗತಿಯನ್ನು ಹೇಳಬೇಕು. ಈ ಗಿಡ ದ್ವಿದಳ ಜಾತಿಯದು. ಬೇರಿನಲ್ಲಷ್ಟೇ ಅಲ್ಲದೆ ಕಾಂಡದ ಮೇಲೂ ಗಂಟುಗಳನ್ನು ಕಟ್ಟಿಕೊಂಡು ಗಾಳಿಯ ಸಾರಜನಕವನ್ನು ಹಿಡಿದಿಡುವ ಅಪರೂಪದ ಸಸ್ಯಗಳಲ್ಲಿ ಇದೂ ಒಂದು. ಮಣ್ಣಿಗೆ ಗೊಬ್ಬರವನ್ನೂ ಮನೆಗೆ ಸಂಪಾದನೆಯನ್ನೂ ಕೊಡುವ ಗಿಡವನ್ನು, ಡಾಕ್ಟರೇಟ್ ಪಡೆದ ನಾನು ಕೊಲ್ಲಬೇಕಾದವುಗಳ ಪಟ್ಟಿಗೆ ಸೇರಿಸಿದ್ದೆ. ಪಠ್ಯಪುಸ್ತಕದಲ್ಲಿ ಹಾಗೆಯೇ ಇತ್ತು ಎಂಬುದು ನೆಪವಾಗಬಹುದೇ ಹೊರತು ಉತ್ತರವಾಗಲಾರದು.

ಅಂದು ಅವರ ಮನೆಗೆ ಹೋದೆ. ಜಗಲಿಯ ಮೂಲೆಯಲ್ಲಿ ಶಿವಣೆ ಮರದ ತುಂಡೊಂದು ಅರೆ ಕೆತ್ತನೆಯಲ್ಲಿತ್ತು. ಬಳ್ಳಿಯ ಸುರುಳಿ, ಸುರುಳಿಯೊಳಗೆ ಹಕ್ಕಿ, ಹಕ್ಕಿಯ ಕೊಕ್ಕಿನಲ್ಲಿ ಮತ್ತೆ ಬಳ್ಳಿಯ ತುದಿ. "ಯಾರ ಕೆಲಸ ಅಕ್ಕ ಇದು? ಅಣ್ಣಂದಾ?" ಎಂದು ಕೇಳಿದೆ. ನನ್ನ ಪ್ರಶ್ನೆಯಲ್ಲೇ ನನ್ನ ಅಜ್ಞಾನವಿತ್ತು. "ನಂದೇ" ಎಂದರು.

ಅವರು ಹುಟ್ಟಿದ ಮನೆಯಲ್ಲಿ ಉಳಿ ಗಂಡುಮಕ್ಕಳಿಗೆ, ಬೆಂಡಿನ ಕತ್ತಿ ಹೆಣ್ಣುಮಕ್ಕಳಿಗೆ. ಕೆತ್ತಿ ಮುಗಿದ ಕೆಲಸವನ್ನು ಗರಗತ್ತಿಯ ಒರಟು ಎಲೆಯಿಂದ ಉಜ್ಜಿ ನಯ ಮಾಡುವುದೂ ಹುಡುಗಿಯರದೇ ಪಾಲು. ಹತ್ತು ಹನ್ನೆರಡು ವರ್ಷ ಉಜ್ಜಿದರಂತೆ. ಬೆರಳ ತುದಿ ಪ್ರತಿ ಗೆರೆಯ ಮೇಲೆ ಹಾಯುವಾಗ ಉಳಿ ಎಲ್ಲಿ ಇಳಿದಿದೆ, ಎಲ್ಲಿ ತಿರುಗಿದೆ, ಎಲ್ಲಿ ತಪ್ಪಿ ಮುಚ್ಚಿಕೊಂಡಿದೆ ಎಂಬುದು ತಿಳಿಯುತ್ತ ಹೋಯಿತು. ಮುರಿದ ಕೊಡೆಯ ಕಡ್ಡಿಯನ್ನು ಸಾಣೆಕಲ್ಲಿನ ಮೇಲೆ ತೀಡಿ ಮಾಡಿಕೊಂಡದ್ದು ಮೊದಲ ಉಳಿ. ಎಸೆದ ಶಿವಣೆ ಚೂರು ಮೊದಲ ಮರ. "ಯಾರೂ ಕಲಿಸ್ಲಿಲ್ಲ ಸಾರ್. ಉಜ್ಜಿ ಉಜ್ಜಿ ಕಲ್ತೆ" ಎಂದರು. ಈ ಮಾತನ್ನು ಹೆಮ್ಮೆಯಿಂದಲೂ ಹೇಳಲಿಲ್ಲ, ದುಃಖದಿಂದಲೂ ಹೇಳಲಿಲ್ಲ. ಮಳೆ ಬಂತು ಎಂಬಷ್ಟು ಸಹಜವಾಗಿ ಹೇಳಿದರು.

ಅವರ ಹೆಸರನ್ನೂ ಊರನ್ನೂ ಇಲ್ಲಿ ಬರೆಯುತ್ತಿಲ್ಲ. ಬರೆಯಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ.

ಅರ್ಜಿಯಲ್ಲಿ ಇಲ್ಲದ ಅಂಕಣ

ಕುಶಲಕರ್ಮಿಯ ಗುರುತಿನ ಚೀಟಿಯಿದ್ದರೆ ಮೇಳಗಳಲ್ಲಿ ಮಳಿಗೆ ಸಿಗುತ್ತದೆ, ಸಾಲ ಸಿಗುತ್ತದೆ, ಮರ ಕೇಳಲು ಒಂದು ಆಧಾರವಾದರೂ ಇರುತ್ತದೆ. ಅರ್ಜಿ ಹಾಕಿಸಲು ನಾನೇ ಅವರೊಂದಿಗೆ ಕಚೇರಿಗೆ ಹೋಗಿದ್ದೆ. ಆ ಕಚೇರಿಯ ಹೆಸರು ಇಲ್ಲಿ ಬೇಡ. ಅಲ್ಲಿದ್ದವರು ಕೆಟ್ಟವರೇನಲ್ಲ, ಅವರ ಮುಂದಿದ್ದ ಕಾಗದ ಹಾಗಿತ್ತು. "ಕಸುಬು ಕಲಿಸಿದವರ ಹೆಸರು" ಎಂಬ ಅಂಕಣದ ಮುಂದೆ ಅಕ್ಕ ಪೆನ್ನು ನಿಲ್ಲಿಸಿದರು. "ಯಾರೂ ಇಲ್ಲ" ಎಂದರು. ಗುಮಾಸ್ತರು ಹಾಗೆ ಬರೆಯಲು ಬರುವುದಿಲ್ಲವೆಂದರು. ಬೇಕಿದ್ದರೆ ಕಸೂತಿ, ಬೆಂಡಿನ ಕೆಲಸ ಎಂದು ಬರೆಯಿರಿ, ಹೆಂಗಸರಿಗೆ ಅದರಲ್ಲಿ ಬೇಗ ಆಗುತ್ತದೆ ಎಂದು ಸಲಹೆ ಕೊಟ್ಟರು.

ಆಗ ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. "ಅಕ್ಕ, ಅಣ್ಣನ ಹೆಸರು ಬರೆದುಬಿಡಿ, ಕೆಲಸ ಆಗಲಿ" ಎಂದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. "ಇವತ್ತು ಹೆಸರು ಅವಂದು ಬರೆದ್ರೆ, ನಾಳೆ ಕೆಲಸಾನೂ ಅವಂದೇ ಆಗ್ತದೆ ಸಾರ್. ಇಷ್ಟು ವರ್ಷ ಆದದ್ದೂ ಅದೇ" ಎಂದು ಅರ್ಜಿಯನ್ನು ಮಡಿಸಿ ಸೆರಗಿನ ತುದಿಗೆ ಸಿಕ್ಕಿಸಿಕೊಂಡು ಎದ್ದರು. ಚೀಟಿ ಇಂದಿಗೂ ಆಗಿಲ್ಲ.

ಇದನ್ನು ಒಂದು ಕಚೇರಿಯ ಒರಟುತನವೆಂದು ತಿಳಿದು ಕೈತೊಳೆದುಕೊಳ್ಳುವಂತಿಲ್ಲ. ದೊಡ್ಡ ಯೋಜನೆಗಳ ಒಳಗೂ ಇದೇ ಲೆಕ್ಕವಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯನ್ನೇ ನೋಡಿ. ತರಬೇತಿ, ಉಪಕರಣಗಳಿಗೆ 15,000 ರೂಪಾಯಿ, ಕಡಿಮೆ ಬಡ್ಡಿಯ ಸಾಲ ಎಲ್ಲವೂ ಅದರಲ್ಲಿವೆ, ಒಳ್ಳೆಯ ಅಂಶಗಳೇ. ಆದರೆ ಅದರ 18 ಕಸುಬುಗಳ ಪಟ್ಟಿಯಲ್ಲಿ ಬಡಗಿ ಇದ್ದಾನೆ, ಶಿಲ್ಪಿ–ಕಲ್ಲುಕುಟಿಗ ಇದ್ದಾನೆ, ಗೊಂಬೆ ಮಾಡುವವನಿದ್ದಾನೆ. ಮರಗೆತ್ತನೆಗೆ ಪ್ರತ್ಯೇಕ ಹೆಸರಿಲ್ಲ. ಮೇಲಾಗಿ ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶ. ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳು. ಗಂಡ ಹೆಂಡತಿ ಇಬ್ಬರೂ ಉಳಿ ಹಿಡಿಯುವ ಮನೆಯಲ್ಲಿ ಆ ಒಬ್ಬರು ಯಾರಾಗುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಯಮ ಬರೆದವರಿಗೆ ಹೆಂಗಸನ್ನು ಹೊರಗಿಡುವ ಉದ್ದೇಶವಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಉದ್ದೇಶವಿಲ್ಲದೆಯೂ ಆಕೆ ಹೊರಗುಳಿಯುತ್ತಾಳೆ.

ಕಾಡನ್ನು ಕರಗಿಸಿದವರು ಯಾರು?

ಈಗ ಸಭೆಯಲ್ಲಿ ಕೇಳಿಬಂದ ಮಾತಿಗೆ ಬರೋಣ. ಮರಗೆತ್ತನೆ ನಿಂತರೆ ಮರ ಉಳಿಯುತ್ತದೆಯೇ?

ಶ್ರೀಗಂಧದ ಚರಿತ್ರೆಯನ್ನು ತೆಗೆದು ನೋಡಿ. 1792ರಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಅದು ರಾಜವೃಕ್ಷವಾಯಿತು. ಆಮೇಲೆ ಬಂದ ಮೈಸೂರು ಅರಸರೂ, ಬ್ರಿಟಿಷರೂ, ನಮ್ಮದೇ ಸರ್ಕಾರವೂ ಅದನ್ನು ಹಾಗೆಯೇ ಉಳಿಸಿಕೊಂಡು ಬಂದರು. 1916ರಲ್ಲಿ ಮೈಸೂರಿನಲ್ಲಿಯೂ 1944ರಲ್ಲಿ ಶಿವಮೊಗ್ಗದಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ನಿಂತವು. ರೈತನ ಹಿತ್ತಲಿನಲ್ಲಿ ಹುಟ್ಟಿದ ಗಂಧದ ಮರವೂ ಸರ್ಕಾರದ್ದೇ ಆದುದರಿಂದ, ಸಸಿ ಕಂಡೊಡನೆ ಕಿತ್ತೆಸೆಯುವುದೇ ರೈತನಿಗೆ ಕ್ಷೇಮವಾಗಿ ತೋರಿತು. ನಮ್ಮ ಅಜ್ಜಂದಿರು ಹೀಗೆ ಕಿತ್ತ ಕಥೆಗಳನ್ನು ನಾವೇ ಕೇಳಿ ಬೆಳೆದಿದ್ದೇವೆ. ಕೊಡಗಿನಲ್ಲಿ 1899ರಲ್ಲಿ ಮೊದಲು ದಾಖಲಾದ ಸ್ಪೈಕ್ ರೋಗ ಲಕ್ಷಾಂತರ ಮರಗಳನ್ನು ಒಣಗಿಸಿತು. ಕಳ್ಳಸಾಗಣೆ ಉಳಿದದ್ದನ್ನು ತಿಂದಿತು. 1950ರ ದಶಕದಲ್ಲಿ ದೇಶದಲ್ಲಿ ವರ್ಷಕ್ಕೆ ಸುಮಾರು 4,000 ಟನ್ ಇದ್ದ ಗಂಧದ ಇಳುವರಿ ಈ ಶತಮಾನದ ಮೊದಲ ದಶಕದ ಹೊತ್ತಿಗೆ ಕೆಲವು ನೂರು ಟನ್ನುಗಳಿಗೆ ಕುಸಿಯಿತು. 1998ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಶ್ರೀಗಂಧವನ್ನು ಅಪಾಯಕ್ಕೆ ಈಡಾಗಬಲ್ಲ ಪ್ರಭೇದಗಳ ಸಾಲಿಗೆ ಸೇರಿಸಿತು. ಭೂಮಾಲೀಕನೇ ಮರದ ಒಡೆಯನೆಂದು ಕರ್ನಾಟಕದ ಅರಣ್ಯ ಕಾಯ್ದೆಗೆ ತಿದ್ದುಪಡಿಯಾದದ್ದು 2001ರಲ್ಲಿ. ಅಷ್ಟು ಹೊತ್ತಿಗೆ ಒಡೆತನ ಸಾಧಿಸಲು ಮರಗಳೇ ಉಳಿದಿರಲಿಲ್ಲ. ಅತ್ತ ಆಸ್ಟ್ರೇಲಿಯಾದ ಕಿಂಬರ್ಲಿ ಪ್ರದೇಶದಲ್ಲಿ ನಮ್ಮದೇ ಗಂಧದ ಪ್ರಭೇದದ ನೆಡುತೋಪುಗಳು ಎದ್ದವು.

ಈ ಇಡೀ ಕಥೆಯಲ್ಲಿ ಗುಡಿಗಾರನ ಪಾಲು ಎಷ್ಟು? ಒಂದು ಕೆತ್ತನೆಯ ಪೆಟ್ಟಿಗೆಯ ಮರವನ್ನು ಕಿಲೋ ಲೆಕ್ಕದಲ್ಲಿ ತೂಗುತ್ತೇವೆ, ಎಣ್ಣೆಯ ಭಟ್ಟಿಗೆ ಹೋಗುವುದನ್ನು ಟನ್ ಲೆಕ್ಕದಲ್ಲಿ ತೂಗುತ್ತೇವೆ. ಕೆತ್ತುವಾಗ ಉದುರಿದ ಚಕ್ಕೆ, ಪುಡಿಯನ್ನು ಕೂಡ ಕೆತ್ತನೆಯವರು ಎಸೆಯುವುದಿಲ್ಲ. ಅದೂ ಎಣ್ಣೆಗೆ, ಧೂಪಕ್ಕೆ ಸಲ್ಲುತ್ತದೆ. ಆದರೂ ಗಂಧ ಎಂದೊಡನೆ ನಮ್ಮ ಬೆರಳು ಮೊದಲು ತೋರುವುದು ಉಳಿ ಹಿಡಿದವನ ಕಡೆಗೆ.

ಕಾಗದದ ಕಥೆಯೂ ಅಷ್ಟೆ. ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯಲ್ಲಿ ನೀಲಗಿರಿ ಬೆಳೆಯಲು 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಹುಟ್ಟಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿಯನ್ನು ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟರು. ಕಂಪನಿಯನ್ನು 1991ರಲ್ಲಿ ಮುಚ್ಚಬೇಕಾಯಿತು. ಆ ಗೆಲುವನ್ನು ನಾವು ಇಂದಿಗೂ ನೆನೆಯುತ್ತೇವೆ. ಆದರೆ ಭದ್ರಾವತಿಯ ಕಾಗದ ಕಾರ್ಖಾನೆಗೆ 1980ರಲ್ಲಿ 40 ವರ್ಷಗಳ ಗುತ್ತಿಗೆಗೆ ಕೊಟ್ಟ ಸುಮಾರು 20,000 ಹೆಕ್ಟೇರ್ ಅರಣ್ಯಭೂಮಿಯ ಮೇಲೆ ಅಕೇಶಿಯಾ, ನೀಲಗಿರಿಗಳ ನೆಡುತೋಪು ಬೆಳೆಯಿತು. 2020ರ ಆಗಸ್ಟ್‌ನಲ್ಲಿ ಗುತ್ತಿಗೆ ಮುಗಿಯಿತು. ಕಾಗದದ ಉತ್ಪಾದನೆ ನಿಂತು ವರ್ಷಗಳೇ ಕಳೆದಿದ್ದರೂ ಅದೇ ವರ್ಷದ ನವೆಂಬರ್‌ನಲ್ಲಿ ಸರ್ಕಾರ ಗುತ್ತಿಗೆಯನ್ನು ಮತ್ತೆ 40 ವರ್ಷಕ್ಕೆ ಮುಂದುವರಿಸಿತು. ಮಲೆನಾಡಿನುದ್ದಕ್ಕೂ ಜನ ಅದನ್ನು ವಿರೋಧಿಸಿದರು. ನಮ್ಮಲ್ಲಿ ಹಲವರು ಆ ಹೋರಾಟದಲ್ಲಿದ್ದರು. ಇಪ್ಪತ್ತು ಸಾವಿರ ಹೆಕ್ಟೇರಿನ ಆ ನಕ್ಷೆಯಲ್ಲಿ ಶಿವಣೆ ಬೆಳೆಯಲು ಒಂದು ಎಕರೆಯನ್ನಾದರೂ ಕೆತ್ತನೆಯವರಿಗೆಂದು ಮೀಸಲಿಡಿ ಎಂದು ಸರ್ಕಾರವೂ ಯೋಚಿಸಲಿಲ್ಲ, ನಮ್ಮ ಮನವಿಪತ್ರವೂ ಕೇಳಲಿಲ್ಲ.

ನಮ್ಮ ಬೆಟ್ಟ, ಅವರ ಬರಿಗೈ

ಇನ್ನು ನೋಯಿಸುವ ಮಾತೊಂದನ್ನು ಹೇಳಲೇಬೇಕು. ನಮ್ಮ ಸಂಘಟನೆಯಲ್ಲಿರುವವರಲ್ಲಿ ಹೆಚ್ಚಿನವರು ಅಡಿಕೆ ತೋಟದವರು. ನನಗೂ ಎರಡು ಎಕರೆ ತೋಟವಿದೆ. ತೋಟದ ಗೊಬ್ಬರಕ್ಕೆ, ಸೊಪ್ಪಿಗೆ, ದರಕಿಗೆ ಕಾಡಿನ ಆಸರೆ ಬೇಕೆಂದು ಬ್ರಿಟಿಷರ ಕಾಲದಿಂದಲೂ ಸೊಪ್ಪಿನ ಬೆಟ್ಟದ ಸೌಲಭ್ಯ ನಮಗಿದೆ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. ಇದನ್ನು ಕಾನೂನು ಒಪ್ಪಿದೆ, ಕಂದಾಯದ ದಾಖಲೆ ಒಪ್ಪಿದೆ. ನಾವಂತೂ ಅದನ್ನು ಹುಟ್ಟಿನೊಂದಿಗೆ ಬಂದ ಹಕ್ಕೆಂದೇ ತಿಳಿದಿದ್ದೇವೆ. ಬೆಟ್ಟದಿಂದ ಸೊಪ್ಪು ತಂದವನನ್ನು ಯಾರೂ ಕಾಡುಗಳ್ಳ ಎನ್ನುವುದಿಲ್ಲ. ಆತ ಕೃಷಿಕ.

ಹೀಗೆ ಕಾಡಿನಲ್ಲಿ ಕಾರ್ಖಾನೆಗೆ ಗುತ್ತಿಗೆಯಿದೆ, ತೋಟಿಗನಿಗೆ ಬೆಟ್ಟವಿದೆ. ತಲೆಮಾರುಗಳಿಂದ ಕಾಡಿನ ಮರವನ್ನೇ ನಂಬಿ ಬದುಕಿದ ಕೆತ್ತನೆಯವರಿಗೆ ಮಾತ್ರ ಒಂದು ಗುಂಟೆಯ ಹಕ್ಕೂ ಇಲ್ಲ. ಅವರಿಗಿರುವುದು ಇಲಾಖೆ ಯಾವಾಗಲಾದರೂ ಕೊಡಬಹುದಾದ ಮರ, ಇಲ್ಲವೇ ಪೇಟೆಯ ಮರದ ಅಡ್ಡೆಯಲ್ಲಿ ಕೇಳಿದ ಬೆಲೆ. ನಾಟಾ ಡಿಪೋದ ಹರಾಜು ದೊಡ್ಡ ಲಾಟುಗಳ ಲೆಕ್ಕದಲ್ಲಿ ನಡೆಯುತ್ತದೆ. ಎರಡು ಅಡಿ ಮರ ಬೇಕಾದ ಹೆಂಗಸು ಅಲ್ಲಿ ನಿಂತು ಕೂಗುವಂತಿಲ್ಲ. ಇನ್ನು ಗುರುತಿನ ಚೀಟಿಯೂ ಇಲ್ಲದ ನಮ್ಮ ಅಕ್ಕನ ಪಾಡೇನು? ಆಕೆ ಬಿದ್ದ ಹಲಸಿನ ಕೊಂಬೆ ಕೇಳಿಕೊಂಡು ಮನೆಮನೆಗೆ ಹೋಗುತ್ತಾರೆ. ಬಸ್ಸಿನಲ್ಲಿ ಮರದ ತುಂಡಿನ ಚೀಲವನ್ನು ಕಾಲ ಬಳಿ ಅಡಗಿಸಿಕೊಂಡು ಕೂರುತ್ತಾರೆ. ಅದಕ್ಕೊಂದು ರಸೀದಿ ಇಲ್ಲವಲ್ಲ ಎಂಬ ಹೆದರಿಕೆ.

1983ರ ಸೆಪ್ಟೆಂಬರ್ 8ರಂದು ಶಿರಸಿಯ ಸಾಲ್ಕಣಿ ಭಾಗದ ಜನ ಕಳಾಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡಾಗ ಅವರು ಕೇಳಿದ್ದು ಮರವನ್ನು ಮುಟ್ಟದ ಕಾಡನ್ನಲ್ಲ. ಉಳಿಸು, ಬೆಳೆಸು, ಬಳಸು ಎಂಬ ಮೂರೂ ಮಾತುಗಳು ಅಪ್ಪಿಕೋ ಚಳುವಳಿಯಲ್ಲಿದ್ದವು. ಮೊದಲೆರಡನ್ನು ನಾವು ಭಾಷಣದಲ್ಲಿ ಉಳಿಸಿಕೊಂಡಿದ್ದೇವೆ. ಮೂರನೆಯದನ್ನು ತೋಟಕ್ಕೆ ಮಾತ್ರ ಇಟ್ಟುಕೊಂಡು ಉಳಿದವರ ಪಾಲಿಗೆ ಅಳಿಸಿಹಾಕಿದ್ದೇವೆ.

ಆಕ್ಷೇಪಗಳಿಗೆ ಉತ್ತರ

ನಾನಿದನ್ನು ಖಾಸಗಿಯಾಗಿ ಹೇಳಿದಾಗ ಬಂದ ಆಕ್ಷೇಪಗಳು ಮೂರು.

ಮೊದಲನೆಯದು, ಕೆತ್ತನೆಯವರಿಗೆ ಮರದ ಹಕ್ಕು ಕೊಟ್ಟರೆ ಅದರ ಮರೆಯಲ್ಲಿ ಕಳ್ಳಸಾಗಣೆ ನಡೆಯುತ್ತದೆ ಎಂಬುದು. ನಡೆಯಬಹುದು. ಬೆಟ್ಟದ ಸೌಲಭ್ಯದ ಮರೆಯಲ್ಲೂ ಅತಿಕ್ರಮಣ ನಡೆದಿದೆ. ಅದಕ್ಕಾಗಿ ಎಲ್ಲರ ಬೆಟ್ಟವನ್ನು ಕಿತ್ತುಕೊಳ್ಳಿ ಎಂದು ನಾವು ಹೇಳಲಿಲ್ಲ. ಅಲ್ಲದೆ ನಾನು ಮಾತನಾಡುತ್ತಿರುವುದು ಮುಖ್ಯವಾಗಿ ಶಿವಣೆ, ಹಲಸು, ಹಾಲೆಯಂತಹ ಮರಗಳ ಬಗ್ಗೆ. ಶಿವಣೆ ಹಗುರ, ಬೇಗ ಡೊಂಕಾಗದು, ಉಳಿಗೆ ಒಲಿಯುತ್ತದೆ. ಮಲೆನಾಡಿನ ನೆಲದಲ್ಲಿ ವೇಗವಾಗಿ ಬೆಳೆಯುತ್ತದೆ. ಅದರ ಬೇರು ದಶಮೂಲಗಳಲ್ಲಿ ಒಂದಾದ್ದರಿಂದ ಔಷಧಿಯ ವ್ಯಾಪಾರಕ್ಕಾಗಿ ಕಾಡಿನ ಶಿವಣೆಯನ್ನು ಬುಡಸಹಿತ ಅಗೆಯುವುದುಂಟು. ನೆಟ್ಟು ಬೆಳೆಸಿದ ಶಿವಣೆಯಿದ್ದರೆ ಕಾಡಿನ ಮರದ ಮೇಲಿನ ಒತ್ತಡವೂ ತಗ್ಗುತ್ತದೆ.

ಎರಡನೆಯದು, ಪೇಟೆಗೆ ಗಂಧವೇ ಬೇಕು, ಬೇರೆ ಮರದ ಕೆತ್ತನೆಗೆ ಬೆಲೆಯಿಲ್ಲ ಎಂಬುದು. ಗುಡಿಗಾರರು ಒಂದು ಕಾಲಕ್ಕೆ ದಂತವನ್ನೂ ಕೆತ್ತುತ್ತಿದ್ದರು. ನಮ್ಮ ದೇಶದ ಆನೆಯ ದಂತದ ವ್ಯಾಪಾರವನ್ನು 1986ರಲ್ಲಿ, ಆಫ್ರಿಕಾದ ದಂತದ್ದನ್ನು 1991ರಲ್ಲಿ ಕಾನೂನು ನಿಲ್ಲಿಸಿತು. ಕಸುಬು ಸಾಯಲಿಲ್ಲ, ಮರಕ್ಕೆ ತಿರುಗಿತು. ಬೀಟೆಯ ಕುಲವೆಲ್ಲ 2017ರ ಜನವರಿಯಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಎರಡನೇ ಅನುಬಂಧದೊಳಗೆ ಬಂದಾಗ ರಫ್ತುದಾರರು ಬೊಬ್ಬೆಯಿಟ್ಟರು. 2022ರ ನವೆಂಬರ್ ಸಮ್ಮೇಳನದಲ್ಲಿ ಭಾರತ ಸರ್ಕಾರ ಪಟ್ಟು ಹಿಡಿದು, 10 ಕಿಲೋದೊಳಗಿನ ಸಿದ್ಧವಸ್ತುಗಳಿಗೆ ಸಡಿಲಿಕೆ ಪಡೆದುಕೊಂಡು ಬಂತು. ರಫ್ತುದಾರನ ಪರವಾಗಿ ಅಷ್ಟು ದೂರ ಹೋಗಿ ವಾದಿಸಬಲ್ಲ ಸರ್ಕಾರಕ್ಕೆ ಸೊರಬದ ಹೆಂಗಸಿಗೆ ಎರಡು ಅಡಿ ಶಿವಣೆಯನ್ನು ರಸೀದಿಯೊಂದಿಗೆ ಕೊಡುವುದು ಅಸಾಧ್ಯವೆಂದರೆ ನಂಬಲಾಗದು.

ಮೂರನೆಯದನ್ನು ಕಸುಬಿನವರೇ ಹೇಳುತ್ತಾರೆ. ಗುರುವಿಲ್ಲದ ವಿದ್ಯೆಗೆ ಲಕ್ಷಣವಿರುವುದಿಲ್ಲ, ಪರಂಪರೆ ಕೆಡುತ್ತದೆ ಎಂದು. ಈ ಮಾತನ್ನು ಗೌರವದಿಂದಲೇ ಎತ್ತಿಕೊಳ್ಳಬೇಕು. ತಾಳ, ಪ್ರಮಾಣ, ಲಕ್ಷಣಗಳ ಶಿಸ್ತು ಸಣ್ಣದಲ್ಲ. ಅಕ್ಕನ ಕೆಲಸದಲ್ಲಿಯೂ ಕೆಲವೆಡೆ ಪ್ರಮಾಣ ತಪ್ಪಿದ್ದನ್ನು ಬಲ್ಲವರೊಬ್ಬರು ನನಗೆ ತೋರಿಸಿದ್ದಾರೆ. ಆದರೆ ಹೆಣ್ಣುಮಕ್ಕಳಿಗೆ ಕಲಿಸದೆ ಇದ್ದವರು ಯಾರು? ಬಾಗಿಲು ಹಾಕಿಕೊಂಡು ಒಳಗೆ ಕೂತವರು, ಹೊರಗೆ ನಿಂತು ಕಲಿತವಳಿಗೆ ಬಾಗಿಲ ಮೂಲಕ ಬರಲಿಲ್ಲವೆಂದು ದೂರುವುದು ನ್ಯಾಯವಲ್ಲ. ಉಜ್ಜುವ ಕೆಲಸದಲ್ಲಿ ಅವರ ಬೆರಳು ಹತ್ತು ವರ್ಷ ಓದಿದ್ದು ಇದೇ ಪರಂಪರೆಯನ್ನು. ಪ್ರಮಾಣ ತಪ್ಪಿದ್ದರೆ ತಿದ್ದಲು ಈಗಲೂ ಸಮಯವಿದೆ. ಪರಂಪರೆಯ ಬಗ್ಗೆ ನಿಜವಾದ ಕಾಳಜಿಯುಳ್ಳವರು ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಲಿ. ಮಕ್ಕಳೆಲ್ಲ ಬೆಂಗಳೂರಿನ ದಾರಿ ಹಿಡಿದ ಎಷ್ಟೋ ಮನೆಗಳಲ್ಲಿ ಉಳಿಗಳು ತುಕ್ಕು ಹಿಡಿದು ಅಟ್ಟ ಸೇರಿರುವಾಗ, ಕಲಿಯಲು ಬಂದವರ ಹುಟ್ಟು, ಲಿಂಗಗಳನ್ನು ವಿಚಾರಿಸುತ್ತ ಕೂರುವ ಐಷಾರಾಮ ಈ ಕಸುಬಿಗೆ ಉಳಿದಿಲ್ಲ.

ಆಗಬೇಕಾದದ್ದು

ಬರಿಯ ಖಂಡನೆಯಿಂದ ಪ್ರಯೋಜನವಿಲ್ಲ. ಮುಂದಿನ ಸಭೆಯಲ್ಲಿ ಈ ಕೆಳಗಿನವನ್ನು ನಿರ್ಣಯವಾಗಿ ಮಂಡಿಸುತ್ತೇನೆ. ಒಪ್ಪದವರು ಎದ್ದು ನಿಂತು ವಿರೋಧಿಸಲಿ. ಈ ಬಾರಿ ಮೌನ ಬೇಡ.

ಒಂದು, ಕುಶಲಕರ್ಮಿಯ ಗುರುತಿಗೆ ಗುರುವಿನ ಹೆಸರೂ ಮನೆತನವೂ ಆಧಾರವಾಗಬಾರದು. ಒಂದು ತುಂಡು ಮರ, ಒಂದು ಹಗಲು, ಎದುರಿಗೆ ಇಬ್ಬರು ಬಲ್ಲವರು. ಕೂತು ಕೆತ್ತಿ ತೋರಿಸಿದವರಿಗೆ ಚೀಟಿ ಸಿಗಲಿ. ಕುಟುಂಬಕ್ಕೊಬ್ಬರು ಎಂಬ ನಿಯಮ ಹೋಗಲಿ.

ಎರಡು, ಅಕೇಶಿಯಾ ತೋಪಿನ ಭೂಮಿಯನ್ನು ಸಹಜ ಕಾಡಾಗಿಸಬೇಕೆಂಬ ನಮ್ಮ ಬೇಡಿಕೆಯಲ್ಲಿ, ಊರಿಗೆ ಹತ್ತಿರದ ಅಂಚಿನಲ್ಲಿ ಶಿವಣೆ, ಹಲಸು, ಹಾಲೆಗಳನ್ನು ಕಸುಬಿನವರ ಹೆಸರಿನಲ್ಲಿ ಬೆಳೆಸಬೇಕೆಂಬುದೂ ಸೇರಲಿ. ಗ್ರಾಮ ಅರಣ್ಯ ಸಮಿತಿಗಳು 1993ರಿಂದಲೂ ನಮ್ಮ ರಾಜ್ಯದಲ್ಲಿವೆ. ಅವುಗಳ ಯೋಜನೆಯಲ್ಲಿ ಕೆತ್ತನೆಯ ಹೆಂಗಸರಿಗೊಂದು ಪಾಲು, ಸಭೆಯಲ್ಲಿ ಒಂದು ಕುರ್ಚಿ ಇರಲಿ. ಡಿಪೋಗಳಲ್ಲಿ ಸಣ್ಣ ತುಂಡುಗಳನ್ನು ರಸೀದಿಯೊಂದಿಗೆ ಕೊಳ್ಳುವ ವ್ಯವಸ್ಥೆಯಾಗಲಿ.

ಮೂರು, 1976ರ ಮರಗಳ ಸಂರಕ್ಷಣಾ ಕಾಯ್ದೆಯಡಿ ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ಸುಬಾಬುಲ್‌ಗಳನ್ನು ಅನುಮತಿಯಿಲ್ಲದೆ ಕಡಿಯಬಹುದು. ಊರಿನ ಮರ ನೆಟ್ಟವನು ಮಾತ್ರ ಕಡತ ಹಿಡಿದು ಅಲೆಯಬೇಕು. ಹೀಗಿದ್ದರೆ ಬೇಲಿಸಾಲಿನಲ್ಲಿ ಯಾರು ಊರಿನ ಮರ ನೆಡುತ್ತಾರೆ? ನೆಟ್ಟದ್ದಕ್ಕೆ ನೋಂದಣಿ, ಕಡಿಯುವಾಗ ಸರಳ ಅನುಮತಿ ಎಂಬ ದಾರಿಯನ್ನು ನಾವು ಕೇಳಬೇಕು.

ನಾಲ್ಕು, ಪ್ರತಿ ಕೆರೆಯಂಗಳದಲ್ಲೂ ಬೆಂಡು ಬೆಳೆಯುವ ಒಂದು ಭಾಗವನ್ನು ಗುರುತಿಸಿ ಅಲ್ಲಿ ಹೂಳೆತ್ತುವ ಯಂತ್ರವೂ ಕಳೆನಾಶಕವೂ ಇಳಿಯದಂತೆ ಕಾಯುವುದು. ಇದಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ, ಊರು ಮನಸ್ಸು ಮಾಡಿದರೆ ಸಾಕು. ನನ್ನ ಹಳೆಯ ಪಟ್ಟಿಯಿಂದ ಆ ಗಿಡದ ಹೆಸರನ್ನು ನಾನು ಹೊಡೆದುಹಾಕಿದ್ದೇನೆ. ರೈತರಿಗೆ ಹೇಳುವಲ್ಲೆಲ್ಲ ತಿದ್ದಿ ಹೇಳುತ್ತಿದ್ದೇನೆ.

ಗಂಧದ ಗಿಡ ಬೆಳೆಸಿದವರೆಲ್ಲ ಬಲ್ಲ ಸಂಗತಿಯೊಂದಿದೆ. ಅದು ಅರೆಪರಾವಲಂಬಿ. ನೆರೆಯ ಗಿಡದ ಬೇರಿಗೆ ತನ್ನ ಬೇರು ಕೂಡಿಸಿಕೊಂಡೇ ಅದು ಬದುಕಬೇಕು. ಸಸಿಮಡಿಯಲ್ಲಿಯೇ ಅದರ ಜೊತೆಗೆ ತೊಗರಿಯನ್ನು ಬಿತ್ತುತ್ತೇವೆ. ನೆರೆಯಿಲ್ಲದ ಗಂಧ ಬಡಕಲಾಗಿ ಒಣಗುತ್ತದೆ. ನಮ್ಮ ಚಳುವಳಿಯೂ ತೋಟಿಗರ ಬೇಲಿಯೊಳಗೆ ಒಂಟಿಯಾಗಿ ಉಳಿದರೆ ಅದೇ ಗತಿ. ಮುಂದಿನ ಗುತ್ತಿಗೆಯ ವಿರುದ್ಧ ರಸ್ತೆಗಿಳಿಯುವಾಗ ಕೆತ್ತನೆಯವರು, ಬೆಂಡಿನವರು, ಬಿದಿರಿನವರು ಪಕ್ಕದಲ್ಲಿ ನಿಲ್ಲಬೇಕೆಂದರೆ, ಇಂದು ಅವರ ಪಾಲಿನ ಬಗ್ಗೆ ನಾವು ಬಾಯಿ ತೆರೆಯಬೇಕು.

ಈ ಮಳೆಗಾಲದಲ್ಲಿ ನನ್ನ ತೋಟದ ಬೇಲಿಯುದ್ದಕ್ಕೆ ಇಪ್ಪತ್ತು ಶಿವಣೆ ಸಸಿ ನೆಟ್ಟಿದ್ದೇನೆ. ಅಕ್ಕ ಬಂದು ನೋಡಿದರು. ಅಂತರ ಸಾಲದು ಎಂದು ನಾಲ್ಕನ್ನು ಕೀಳಿಸಿ ಬೇರೆ ಕಡೆ ನೆಡಿಸಿದರು. ಹೋಗುವಾಗ ಒಂದು ಮಾತು ಹೇಳಿದರು: "ಕೆಳಗಿನ ಕೊಂಬೆ ಎಳೆಯದಿದ್ದಾಗ್ಲೇ ಸವರ್‍ಬೇಕು ಸಾರ್. ಬಲಿತ ಮೇಲೆ ಕಡಿದ್ರೆ ಒಳಗೆ ಗಂಟು ಉಳೀತದೆ. ಗಂಟಿನ ಮೇಲೆ ಉಳಿ ತಿರುಗಲ್ಲ." ಸಸ್ಯಶಾಸ್ತ್ರದ ತರಗತಿಯಲ್ಲಿ ಇದನ್ನು ನಾನು ಬೇರೆ ಮಾತಿನಲ್ಲಿ ಓದಿದ್ದೆ. ಯಾರಿಗಾಗಿ ಸವರಬೇಕೆಂಬುದನ್ನು ಅಲ್ಲಿ ಹೇಳಿರಲಿಲ್ಲ.

ನಿಮ್ಮ ಬೇಲಿಯಲ್ಲಿ ಎಷ್ಟು ಸಸಿಗೆ ಜಾಗವಿದೆ ಎಂಬುದನ್ನು ಮುಂದಿನ ಸಭೆಗೆ ಬರುವಾಗ ಎಣಿಸಿಕೊಂಡು ಬನ್ನಿ.